ದವನದ ಪರಿಮಳವೂ ಯೂರಿಯಾ ಚೀಲವೂ

"ಈಗಿನ ದವನಕ್ಕೆ ಮೊದಲಿನ ಪರಿಮಳ ಇಲ್ಲ." ಮದರಾಸಿನ ಕನ್ನಡ ಮನೆಗಳಲ್ಲಿ ಈ ಮಾತು ಕೇಳದ ವರ್ಷವಿಲ್ಲ. ಯುಗಾದಿ ಕಳೆದು ದವನದ ಹುಣ್ಣಿಮೆ ಹತ್ತಿರ ಬಂತೆಂದರೆ ಹಿರಿಯರೊಬ್ಬರು ಶುರು ಮಾಡುತ್ತಾರೆ. ಇನ್ನೊಬ್ಬರು ಮಲ್ಲಿಗೆಗೂ ಅದೇ ಗತಿ ಎನ್ನುತ್ತಾರೆ. ಮೂರನೆಯವರು ಕೊತ್ತಂಬರಿ ಸೊಪ್ಪಿಗೆ ಇಳಿಯುತ್ತಾರೆ. ಕೊನೆಗೆ ಎಲ್ಲರೂ ಒಮ್ಮತದಿಂದ ಒಬ್ಬ ಅಪರಾಧಿಯನ್ನು ಹಿಡಿದು ತರುತ್ತಾರೆ. ಅವನ ಹೆಸರು ಯೂರಿಯಾ. ಕಾಫಿ ಬರುವ ಹೊತ್ತಿಗೆ ಶಿಕ್ಷೆಯನ್ನೂ ವಿಧಿಸಿ ಆಗಿರುತ್ತದೆ.

ಈ ತೀರ್ಪನ್ನು ನಾನೂ ತಲೆಯಾಡಿಸಿ ಒಪ್ಪಿಬಿಡಬಹುದಿತ್ತು. ಆದರೆ ಅಪರಾಧಿಯ ಪರವಾಗಿ ವಕಾಲತ್ತು ವಹಿಸುವವನೊಬ್ಬ ನಮ್ಮ ಮನೆತನದಲ್ಲೇ ಇದ್ದಾನೆ. ನನ್ನ ಚಿಕ್ಕಪ್ಪನ ಮಗ ಕೋಲಾರದ ಕಡೆಯ ಕೆಂಪು ಮಣ್ಣಿನಲ್ಲಿ ಮುಕ್ಕಾಲು ಎಕರೆ ದವನ ಬೆಳೆಯುತ್ತಾನೆ. ಕೊಳವೆಬಾವಿಯ ಸಾಲ ಇನ್ನೂ ತೀರಿಲ್ಲ. ದವನದ ಕಟ್ಟು ಮಾರಿ ಬಂದ ಹಣದಲ್ಲೇ ಕಂತು ಕಟ್ಟಬೇಕು, ಮಗಳ ಶಾಲೆಯ ಫೀಜೂ ಅದರಲ್ಲೇ ಆಗಬೇಕು. ಅವನು ಬೆಳೆದ ದವನದಲ್ಲಿ ಒಂದು ಪಾಲು ರಾತ್ರಿ ಲಾರಿ ಹತ್ತಿ ಬೆಳಗಿನ ಜಾವ ಕೋಯಂಬೇಡಿಗೆ ಬಂದು, ಅಲ್ಲಿಂದ ಮೈಲಾಪುರದ ಮಾಡಬೀದಿಗೆ ಬರುತ್ತದೆ. ಹೀಗಾಗಿ ನಮ್ಮ ಅಮ್ಮ ದೇವರಿಗೆ ಮುಡಿಸುವ ದವನ ಅವಳ ಮೈದುನನ ಮಗನೇ ಬೆಳೆದದ್ದು ಇದ್ದರೂ ಇರಬಹುದು. ಅಮ್ಮ ಅದನ್ನು ಮೂಗಿಗೆ ಹಿಡಿದು ಮುಖ ಸಿಂಡರಿಸಿದರೆ ನನಗೆ ಎರಡೂ ಕಡೆಯ ಸಂಕಟ.

ಹೊಸದಾಗಿ ಈ ಊರಿಗೆ ಬಂದವರಿಗೆ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ನಮ್ಮ ದವನವನ್ನು ಇಲ್ಲಿ ಹೂ ಮಾರುವವರು ಮರಿಕೊಳುಂದು ಎನ್ನುತ್ತಾರೆ. ಹೆಸರಿನ ಮೊದಲಲ್ಲಿ 'ಮರಿ' ಎಂದು ಕೇಳಿ ನಮ್ಮವರು ಮರುಗವೆಂದು ತಿಳಿದು ಬೇಡವೆಂದು ತಲೆ ಅಲ್ಲಾಡಿಸುವುದನ್ನು ಕಂಡಿದ್ದೇನೆ. ಮರುಗ ಬೇರೆ, ತುಳಸಿಯ ಬಳಗಕ್ಕೆ ಸೇರಿದ್ದು. ದವನ ಸೇವಂತಿಗೆಯ ಬಳಗದ ಗಿಡ. ಬೂದಿ ಹಸಿರು ಬಣ್ಣದ, ಸೀಳು ಸೀಳಾದ ಎಲೆ, ಗುಂಡುಸೂಜಿಯ ತಲೆಯಂಥ ಹಳದಿ ಹೂ. ಹಾಗೆಂದು ದವನವೆಂಬ ಹೆಸರು ಇಲ್ಲಿಯವರಿಗೆ ಅಪರಿಚಿತವೇನಲ್ಲ. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ಸ್ವಾಮಿಗೆ ದವನದ ಹೆಸರಿನಲ್ಲೇ ಉತ್ಸವ ನಡೆಯುತ್ತದೆ.

ಇನ್ನು ಜಗಳಕ್ಕೆ ಬರೋಣ. ಹೋದ ವರ್ಷ ಮಾಘದಲ್ಲಿ ತಮ್ಮ ಮಂಡಿಯ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಬಂದವನು ಮನೆಗೂ ಬಂದ. ಕೈಯಲ್ಲಿ ಎರಡು ಕಟ್ಟು ದವನ. ಸೊಂಪಾಗಿ, ನೀಳವಾಗಿ, ನೋಡಿದರೆ ಕಣ್ಣು ತುಂಬುವಂತಿತ್ತು. ಅಮ್ಮ ಮೂಸಿ ನೋಡಿ ತಟ್ಟೆಯಲ್ಲಿಟ್ಟಳು.

"ಏನೋ ಇದು, ಹುಲ್ಲಿನ ವಾಸನೆ ಬರುತ್ತಲ್ಲೋ. ಎಷ್ಟು ಚೀಲ ಸುರಿದೆ ಸರಕಾರಿ ಗೊಬ್ಬರ?"

"ನಾಲ್ಕು ಚೀಲ, ದೊಡ್ಡಮ್ಮ. ಕಟ್ಟು ದಪ್ಪ ಇಲ್ಲದಿದ್ದರೆ ಮಂಡಿಯವನು ಮುಟ್ಟಿಯೂ ನೋಡಲ್ಲ."

"ನಿಮ್ಮ ತಾತ ಒಂದು ಹಿಡಿ ಹಾಕಿದ್ದರೇನೋ? ಕಾಡಿನಲ್ಲಿ ಗಂಧದ ಮರಕ್ಕೆ ಯಾರೋ ಗೊಬ್ಬರ ಹಾಕಿದರು?"

ತಮ್ಮ ಉತ್ತರ ಕೊಡಲಿಲ್ಲ. ಊಟ ಮಾಡಿ, ಹೋಗಿ ಬರುತ್ತೇನೆಂದು ಹೇಳಿ ಹೊರಟುಬಿಟ್ಟ. ಆದರೆ ಆ ವರ್ಷ ಯುಗಾದಿಗೆ ಫೋನೂ ಮಾಡಲಿಲ್ಲ.

ಅಮ್ಮನ ಗಂಧದ ಮಾತು ಬರಿಯ ಕುಹಕವಲ್ಲ. ಕಲ್ಲು ನೆಲದಲ್ಲಿ ಕಷ್ಟಪಟ್ಟು ಬೆಳೆದ ಶ್ರೀಗಂಧದಲ್ಲಿ ಎಣ್ಣೆ ಹೆಚ್ಚು, ಫಲವತ್ತಾದ ನೆಲದಲ್ಲಿ ಮರ ಬೇಗ ಬೆಳೆದರೂ ಕೆಚ್ಚು ಬಲಿಯುವುದು ತಡ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಸುಗಂಧಕ್ಕೂ ಸುಖಕ್ಕೂ ಆಗಿಬರುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಕೂತಿದೆ. ಅದು ದವನಕ್ಕೂ ನಿಜವೇ? ತಮ್ಮ ಮುಖ ಸಣ್ಣದು ಮಾಡಿಕೊಂಡು ಹೋದ ಮೇಲೆ ನಾನು ಇದನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಳ್ಳಲು ಕೂತೆ. ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರ ಅಷ್ಟಿಷ್ಟು ಉಳಿದಿದ್ದದ್ದು ಉಪಯೋಗಕ್ಕೆ ಬಂತು.

ದವನದ ಪರಿಮಳದ ಜೀವಾಳ ದವನೋನ್ ಎಂಬ ವಸ್ತು. ಗಿಡದ ಹೆಸರೇ ಅದಕ್ಕೆ. ಅದರ ಒಂದು ಅಣುವಿನಲ್ಲಿ ಇಂಗಾಲದ ಪರಮಾಣು ೧೫, ಜಲಜನಕದ್ದು ೨೪, ಆಮ್ಲಜನಕದ್ದು ೨. ಅಷ್ಟೇ. ಸಾರಜನಕ ಒಂದೂ ಇಲ್ಲ. ಯೂರಿಯಾದಲ್ಲಿ ಗಿಡಕ್ಕೆ ನಾವು ಕೊಡುವುದಾದರೂ ಏನು? ನೂರಕ್ಕೆ ೪೬ ಪಾಲು ಸಾರಜನಕ. ಅಂದರೆ ಚೀಲದಲ್ಲಿ ಇರುವುದು ಪರಿಮಳದಲ್ಲಿಲ್ಲ, ಪರಿಮಳದಲ್ಲಿ ಇರುವುದನ್ನು ಗಿಡ ಗಾಳಿ, ನೀರು, ಬಿಸಿಲಿನಿಂದ ತಾನೇ ಮಾಡಿಕೊಳ್ಳುತ್ತದೆ. (ಮಲ್ಲಿಗೆಯ ಮಾತು ತುಸು ಬೇರೆ, ಅದರ ಪರಿಮಳದಲ್ಲಿ ಬೆರೆತಿರುವ ಇಂಡೋಲ್ ಎಂಬುದರಲ್ಲಿ ಸಾರಜನಕ ಉಂಟು. ಮಲ್ಲಿಗೆಯ ಪರ ವಾದಿಸುವವರು ಬೇರೆ ವಕೀಲರನ್ನು ನೋಡಿಕೊಳ್ಳಬೇಕು.)

ಹಾಗಾದರೆ ಸಾರಜನಕ ಮಾಡುವ ಕೆಲಸವೇನು? ಅದು ಮನೆ ಕಟ್ಟುತ್ತದೆ. ಎಲೆಯ ಹಸಿರು, ದಂಟು, ಹೊಸ ಕವಲು, ಎಲ್ಲಕ್ಕೂ ಅದು ಬೇಕು. ಎಲೆ ಹೆಚ್ಚಾದರೆ ಬಿಸಿಲು ಹಿಡಿಯುವ ಅಂಗಳ ಹೆಚ್ಚಾಯಿತು, ಎಣ್ಣೆ ಮಾಡಲು ಬೇಕಾದ ಇಂಗಾಲವೂ ಹೆಚ್ಚು ಸಿಕ್ಕಿತು. ಆದ್ದರಿಂದ ಸಾರಜನಕವನ್ನು ಪರಿಮಳದ ವೈರಿ ಎನ್ನುವಂತಿಲ್ಲ. ಬಡಕಲು ಗಿಡದಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ಆದರೆ ಎಣ್ಣೆ ಕೂಡುವುದು ಗಿಡದ ಮೈಯೆಲ್ಲ ಅಲ್ಲ. ಎಲೆಯ ಮೇಲೂ ಹೂವಿನಲ್ಲೂ ಕಣ್ಣಿಗೆ ಕಾಣದಷ್ಟು ಚಿಕ್ಕ ಗ್ರಂಥಿಗಳಿವೆ, ಎಣ್ಣೆ ಅವುಗಳಲ್ಲಿ. ಹಲವು ಸುಗಂಧ ಗಿಡಗಳಲ್ಲಿ ಈ ಗ್ರಂಥಿಗಳು ಬಹುಪಾಲು ಎಲೆ ಎಳೆಯದಿರುವಾಗಲೇ ಮೂಡುತ್ತವೆ. ಆಮೇಲೆ ಎಲೆ ನೀರು ಕುಡಿದು ಉಬ್ಬಿದಷ್ಟೂ ಅವು ಒಂದಕ್ಕೊಂದು ದೂರವಾಗುತ್ತವೆ. ದಂಟಿನಲ್ಲಂತೂ ಎಣ್ಣೆ ನಗಣ್ಯ, ಯೂರಿಯಾ ಹೆಚ್ಚಾದಾಗ ದಂಟೇ ಹೆಚ್ಚು. ಮನೆ ದೊಡ್ಡದಾಯಿತು, ದೀಪ ಅಷ್ಟೇ ಉಳಿಯಿತು ಎಂಬಂತೆ.

ಇದನ್ನು ಲೆಕ್ಕದಲ್ಲಿ ನೋಡಿದರೆ ಜಗಳದ ಗಂಟು ಸಿಕ್ಕುತ್ತದೆ. ದವನದ ಸೊಪ್ಪಿನಲ್ಲಿ ಬಟ್ಟಿ ಇಳಿಸಿದರೆ ಸಿಗುವ ಎಣ್ಣೆ ಸಾವಿರಕ್ಕೆ ಒಂದೆರಡು ಭಾಗ ಮಾತ್ರ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಗೊಬ್ಬರ ಕಾಣದ ಎಕರೆಯಲ್ಲಿ ಮೂರು ಟನ್ನು ಸೊಪ್ಪು ಬಂತು, ಸಾವಿರಕ್ಕೆ ೨ ಭಾಗ ಎಣ್ಣೆ; ಒಟ್ಟು ೬ ಕಿಲೋ. ಗೊಬ್ಬರ ಉಂಡ ಎಕರೆಯಲ್ಲಿ ಐದು ಟನ್ನು ಬಂತು, ಎಣ್ಣೆ ಸಾವಿರಕ್ಕೆ ೧.೬ಕ್ಕೆ ಇಳಿಯಿತು, ಆದರೂ ಒಟ್ಟು ೮ ಕಿಲೋ. ಎಣ್ಣೆ ತೆಗೆಯುವವನಿಗೆ ಎರಡು ಕಿಲೋ ಲಾಭ. ಈಗ ಅದೇ ಹೊಲದಿಂದ ಐವತ್ತು ಗ್ರಾಮಿನ ಒಂದು ಹಿಡಿಯನ್ನು ಅಮ್ಮನ ಕೈಗೆ ಕೊಡಿ. ಮೊದಲನೆಯದರಲ್ಲಿ ನೂರು ಮಿಲಿಗ್ರಾಂ ಎಣ್ಣೆ, ಎರಡನೆಯದರಲ್ಲಿ ಎಂಬತ್ತು. ಅಮ್ಮನ ಮೂಗು ಸುಳ್ಳು ಹೇಳಲಿಲ್ಲ. ತಮ್ಮನ ತಕ್ಕಡಿಯೂ ಸುಳ್ಳು ಹೇಳಲಿಲ್ಲ. ಒಬ್ಬರು ಹಿಡಿಯ ಲೆಕ್ಕ ಹಾಕಿದರು, ಇನ್ನೊಬ್ಬರು ಎಕರೆಯ ಲೆಕ್ಕ.

ಇವು ನಾನು ತಿಳಿವಳಿಕೆಗೆ ಹಿಡಿದ ಅಂಕಿಗಳು. ಸುಗಂಧ ಬೆಳೆಗಳ ಮೇಲೆ ನಡೆದಿರುವ ಪ್ರಯೋಗಗಳ ಒಟ್ಟು ಜಾಡೂ ಇದೇ ದಿಕ್ಕಿನದು: ಸಾರಜನಕ ಕೊಟ್ಟಾಗ ಸೊಪ್ಪು ಹೆಚ್ಚುತ್ತದೆ, ಎಕರೆಯ ಎಣ್ಣೆ ಹೆಚ್ಚುತ್ತದೆ, ಎಣ್ಣೆಯ ಶೇಕಡಾ ಪ್ರಮಾಣ ಹಲವು ಸಲ ಇದ್ದಲ್ಲೇ ಇರುತ್ತದೆ ಅಥವಾ ತುಸು ಇಳಿಯುತ್ತದೆ. ಮಿತಿ ದಾಟಿದರೆ ಹೆಚ್ಚುವುದು ನೀರು, ದಂಟು ಮತ್ತು ಹುಳದ ಕಾಟ. ನಿಂಬೆಹುಲ್ಲಿನಂಥ ಬೆಳೆಯಲ್ಲಿ ಎಲೆಯೇ ಸರ್ವಸ್ವವಾದ್ದರಿಂದ ಅದರ ಬೇಸಾಯಗಾರರಿಗೆ ಈ ತಲೆನೋವು ಕಡಿಮೆ. ದವನದ್ದು ಹಾಗಲ್ಲ, ಅದರ ಎಣ್ಣೆಯ ಬೊಕ್ಕಸ ಹೂವು. ಕೊನೆಯ ದಿನಗಳವರೆಗೂ ಯೂರಿಯಾ ಎರಚುತ್ತ ಹೋದರೆ ಗಿಡ ಎಳೆತನ ಬಿಡುವುದಿಲ್ಲ, ಹೂ ಬಿಡುವುದನ್ನು ಮುಂದೆ ಹಾಕುತ್ತದೆ.

ದವನಕ್ಕೆ ಹೆಕ್ಟೇರಿಗೆ ೧೨೦ ಕಿಲೋ ಸಾರಜನಕ, ೪೦ ಕಿಲೋ ರಂಜಕ, ೪೦ ಕಿಲೋ ಪೊಟ್ಯಾಷ್ ಎಂಬುದು ಸಾಮಾನ್ಯವಾಗಿ ಹೇಳುವ ಪ್ರಮಾಣ. ಅದರ ಜೊತೆಗೆ ಕೊಟ್ಟಿಗೆ ಗೊಬ್ಬರ ಬೇಕೇಬೇಕು. ಸಾರಜನಕವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಬೇಕು. ಈ ಲೆಕ್ಕದಲ್ಲಿ ತಮ್ಮನ ಮುಕ್ಕಾಲು ಎಕರೆಗೆ ಬೇಕಾದ ಯೂರಿಯಾ ಸುಮಾರು ೮೦ ಕಿಲೋ. ಈಗಿನ ಚೀಲ ೪೫ ಕಿಲೋದ್ದು, ಎರಡು ಚೀಲವೂ ಪೂರ್ತಿ ಬೇಡ. ಅವನು ಹಾಕುತ್ತಿದ್ದದ್ದು ನಾಲ್ಕು. ಯಾಕೆಂದು ಕೇಳಬೇಡಿ. ಸಹಾಯಧನದಿಂದಾಗಿ ಯೂರಿಯಾ ಅಗ್ಗ, ಹೊಂಗೆ ಹಿಂಡಿ ದುಬಾರಿ, ಸಗಣಿಗೆ ದನವೇ ಇಲ್ಲ.

ಇಲ್ಲಿ ನಮ್ಮ ಊರಿನ ಪಾತ್ರವನ್ನೂ ಹೇಳಬೇಕು. ಭಾರತದ ಮೊದಲ ಸೂಪರ್ ಫಾಸ್ಫೇಟ್ ಕಾರ್ಖಾನೆ ೧೯೦೬ರಲ್ಲಿ ಆರಂಭವಾದದ್ದು ಇಲ್ಲೇ ಹತ್ತಿರದ ರಾಣಿಪೇಟೆಯಲ್ಲಿ. ಮಣಲಿಯ ಮದ್ರಾಸ್ ಫರ್ಟಿಲೈಸರ್ಸ್ ೧೯೭೧ರಲ್ಲಿ ಉತ್ಪಾದನೆ ಶುರು ಮಾಡಿತು. ಅದರ 'ವಿಜಯ್' ಚೀಲಗಳು ಕೋಲಾರದ ಕಡೆಯ ಅಂಗಡಿಗಳಿಗೂ ಹೋಗುತ್ತವೆ. ಗೊಬ್ಬರ ಇಲ್ಲಿಂದ ಅಲ್ಲಿಗೆ, ದವನ ಅಲ್ಲಿಂದ ಇಲ್ಲಿಗೆ. ಅಲ್ಲಿ ಬೆಳೆದವನನ್ನು ಬೈದು ನಾವು ಇಲ್ಲಿ ಕೈ ತೊಳೆದುಕೊಳ್ಳುವುದು ನನಗೇಕೋ ಸರಿಯೆನಿಸುವುದಿಲ್ಲ. ಹೂವಿನ ಅಂಗಡಿಯ ಮುಂದೆ ನಿಂತು ನಾವು ಆರಿಸುವುದು ಯಾವುದನ್ನು? ಹಸಿರಾದದ್ದು, ನೀಳವಾದದ್ದು, ಬಾಡದ್ದು. ಪಾರೀಸ್ ಕಾರ್ನರಿನ ಬದ್ರಿಯನ್ ಬೀದಿಯಲ್ಲಿ ಹೂವಿನ ಸಗಟು ವ್ಯಾಪಾರವಿದ್ದ ಕಾಲದಿಂದಲೂ ಅಷ್ಟೆ. ೧೯೯೬ರಲ್ಲಿ, ಊರಿನ ಹೆಸರು ಚೆನ್ನೈ ಆದ ವರ್ಷವೇ, ಕೋಯಂಬೇಡಿನ ಮಾರುಕಟ್ಟೆ ತೆರೆದ ಮೇಲೂ ಅಷ್ಟೆ. ದವನವನ್ನು ಮೂಸಿ ನೋಡಿ ಬೆಲೆ ಕಟ್ಟುವ ಮಂಡಿಯವನನ್ನು ನಾನು ಕಂಡಿಲ್ಲ. ಕಟ್ಟು ಎಷ್ಟು ದಪ್ಪ, ಮೊಳಕ್ಕೆ ಎಷ್ಟು ಎಸಳು ತುಂಬೀತು, ಅದು ಲೆಕ್ಕ.

ಕಟ್ಟಿಗಾಗಿ ಬೆಳೆದ ದವನಕ್ಕೂ ಎಣ್ಣೆಗಾಗಿ ಬೆಳೆದ ದವನಕ್ಕೂ ಇರುವ ಮುಖ್ಯ ವ್ಯತ್ಯಾಸ ಗೊಬ್ಬರದ್ದಲ್ಲ, ಕೊಯ್ಲಿನದು. ಇದು ನನಗೆ ಹೊಸ ವಿಷಯವಾಗಿತ್ತು. ಅಕ್ಟೋಬರ್ ನವೆಂಬರಿನಲ್ಲಿ ಬೀಜ ಹಾಕುತ್ತಾರೆ. ಬೀಜ ರಾಗಿಗಿಂತಲೂ ಎಷ್ಟೋ ಸಣ್ಣದು. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಮರಳಿನಲ್ಲಿ ಬೆರೆಸಿ ಸಸಿಮಡಿಯಲ್ಲಿ ಚೆಲ್ಲಬೇಕು. ಆಮೇಲೆ ನಾಟಿ, ದಿನವೂ ಹಗುರವಾಗಿ ನೀರು. ಬೆಳಗಿನ ಇಬ್ಬನಿ, ಹಗಲಿನ ಎಳೆ ಬಿಸಿಲು ಅದಕ್ಕೆ ಪ್ರೀತಿ. ಎಣ್ಣೆಗಾದರೆ ನಾಲ್ಕು ತಿಂಗಳು ಹತ್ತಿರವಾಗಿ ಹೂ ತುಂಬಿದಾಗ ಕೊಯ್ದು, ನೆರಳಿನಲ್ಲಿ ಒಂದೆರಡು ದಿನ ಬಾಡಿಸಿ, ಹಬೆಯಲ್ಲಿ ಬಟ್ಟಿ ಇಳಿಸುತ್ತಾರೆ. ಕಟ್ಟಿಗಾದರೆ ಹೂ ಬಿಡುವ ಮೊದಲೇ, ಹಸಿರು ಮಾಸುವ ಮೊದಲೇ ಕೊಯ್ದು, ಭಾರ ಇಳಿಯದಂತೆ ಒದ್ದೆ ಗೋಣಿಯಲ್ಲಿ ಸುತ್ತಿ ಲಾರಿಗೆ ಹಾಕುತ್ತಾರೆ. ನಮ್ಮ ಕೈಗೆ ಬರುವುದು ಬೊಕ್ಕಸ ತುಂಬುವ ಮೊದಲೇ ಕೊಯ್ದ ಗಿಡ.

ಈ ಮಾತನ್ನೆಲ್ಲ ನಾನು ತಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವನು ನಕ್ಕ. "ಇದು ನಮಗೆ ಗೊತ್ತಿಲ್ಲವೇನಕ್ಕ? ದೊಡ್ಡಮ್ಮನಿಗೆ ಹೇಳೋರು ಯಾರು?" ಎಂದ. ಆದರೆ ಮಾತು ಅವನ ಮನಸ್ಸಿನಲ್ಲಿ ಉಳಿದಿರಬೇಕು. ಈ ವರ್ಷ ಎರಡು ಮಡಿಗೆ ಯೂರಿಯಾ ಮುಟ್ಟಿಸದೆ ಕೊಟ್ಟಿಗೆ ಗೊಬ್ಬರ, ಹೊಂಗೆ ಹಿಂಡಿಯಲ್ಲೇ ಬೆಳೆದ. ಒಂದು ತಿಂಗಳು ಮೊದಲು ನಾಟಿ ಮಾಡಿದ ಇನ್ನೊಂದು ತಾಕಿಗೆ ಯೂರಿಯಾವನ್ನು ಹೇಳಿದ ಪ್ರಮಾಣದಲ್ಲೇ ಕೊಟ್ಟು, ಹೂ ತುಂಬುವ ತನಕ ಕೊಯ್ಯದೆ ಬಿಟ್ಟ. ಫೆಬ್ರವರಿ ಕೊನೆಯಲ್ಲಿ ಒಣ ಬಟ್ಟೆಯಲ್ಲಿ ಸುತ್ತಿದ ಮೂರು ಕಟ್ಟು ಹಿಡಿದು ಬಂದ. ಕೆಂಪು ದಾರದ್ದು ಎಂದಿನಂತೆ ನಾಲ್ಕು ಚೀಲದ ಲೆಕ್ಕದಲ್ಲಿ ಬೆಳೆದು ಎಳೆಯದಾಗಿ ಕೊಯ್ದದ್ದು. ಬಿಳಿ ದಾರದ್ದು ಕೊಟ್ಟಿಗೆ ಗೊಬ್ಬರದ್ದು, ಅದೂ ಎಳೆಯದೇ. ಹಳದಿ ದಾರದ್ದು ಯೂರಿಯಾ ಉಂಡೂ ಹೂ ಬಿಟ್ಟದ್ದು. ಯಾವುದು ಯಾವುದೆಂದು ಅಮ್ಮನಿಗೆ ಹೇಳಲಿಲ್ಲ.

ಅಮ್ಮ ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಎರಡೆರಡು ಸಲ ಮೂಸಿದಳು. ಕೆಂಪು ದಾರದ್ದನ್ನು ಬದಿಗಿಟ್ಟಳು. ಬಿಳಿಯದನ್ನು ಹಿಡಿದು "ಪರವಾಗಿಲ್ಲ" ಎಂದಳು. ಹಳದಿಯದನ್ನು ಮೂಗಿನಿಂದ ತೆಗೆಯಲೇ ಇಲ್ಲ. "ಇದು ಕಣೋ ದವನ ಅಂದರೆ. ಇದಕ್ಕೆ ನೀನು ಸರಕಾರಿ ಗೊಬ್ಬರ ಹಾಕಿಲ್ಲ."

"ಹಾಕಿದ್ದೀನಿ, ದೊಡ್ಡಮ್ಮ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದರೆ ಹೂ ಬಿಟ್ಟ ಮೇಲೇ ಕೊಯ್ಯೋಕೆ ಏನು ದಾಡಿ ನಿನಗೆ?" ಎಂದಳು. ಸೋಲೊಪ್ಪುವುದು ಅಮ್ಮನ ಜಾತಕದಲ್ಲಿ ಬರೆದಿಲ್ಲ. ಆದರೆ ಅವತ್ತು ತಮ್ಮನಿಗೆ ತಾನೇ ಎದ್ದು ಒಬ್ಬಟ್ಟು ಬಡಿಸಿದಳು.

ಒಂದು ಮೂಗು, ಮೂರು ಕಟ್ಟು. ಇದನ್ನು ಪರೀಕ್ಷೆ ಎಂದು ಕರೆಯಲು ನನಗೇ ಸಂಕೋಚ. ವಿಜ್ಞಾನಿಗಳು ಹತ್ತಾರು ತಾಕು ಮಾಡಿ, ಬಟ್ಟಿ ಇಳಿಸಿ, ಎಣ್ಣೆಯನ್ನು ಅಳೆದು ಹೇಳುವ ಮಾತಿಗೆ ಇದು ಸಮವಲ್ಲ. ಆದರೂ ಎಳೆಯದು ಎಳೆಯದರೊಡನೆ ಹೋಲಿಸಿದಾಗ ಗೊಬ್ಬರದ ವ್ಯತ್ಯಾಸ ತುಸು ಕಂಡಿತು. ಹೂ ಬಿಟ್ಟದ್ದರ ಮುಂದೆ ಆ ವ್ಯತ್ಯಾಸ ಸಣ್ಣದಾಯಿತು. ನಮ್ಮ ಮನೆಯ ಮಟ್ಟಿಗೆ ಇಷ್ಟು ಸಾಕಾಯಿತು.

ತಾರಸಿಯಲ್ಲಿ ಕುಂಡ ಇಟ್ಟವರು ದವನಕ್ಕಾಗಿ ಆಸೆಪಡಬೇಡಿ. ಈ ಕಡಲ ಕರೆಯ ಸೆಕೆಯಲ್ಲಿ ಅದು ಒಗ್ಗುವುದಿಲ್ಲ. ತುಳಸಿ, ಕಾಮಕಸ್ತೂರಿ ಚೆನ್ನಾಗಿ ಬರುತ್ತವೆ. ಅವಕ್ಕೆ ಯೂರಿಯಾ ಚಿಟಿಕೆಯೂ ಬೇಡ. ತಿಂಗಳಿಗೊಮ್ಮೆ ಒಂದು ಹಿಡಿ ಒಣಗಿದ ಸಗಣಿ ಗೊಬ್ಬರ ಸಾಕು. ಬಿಸಿಲಿನಲ್ಲಿಡಿ, ನೀರನ್ನು ಹಿಡಿತದಲ್ಲಿ ಕೊಡಿ. ನೆರಳಿನಲ್ಲಿ ನೀರು ಕುಡಿದು ಅಂಗೈಯಗಲ ಬೆಳೆದ ಎಲೆಯನ್ನು ಹೊಸಕಿದರೆ ವಾಸನೆ ಬಡವಾಗಿರುತ್ತದೆ. ಅದಕ್ಕೆ ಯಾವ ಗೊಬ್ಬರದ ಅಂಗಡಿಯನ್ನೂ ಬೈಯುವಂತಿಲ್ಲ.

ಅಮ್ಮ ಕೇಳಿದ ಪ್ರಶ್ನೆಗೆ ತಮ್ಮ ಕೊಟ್ಟ ಉತ್ತರ ಹೇಳಿಬಿಡುತ್ತೇನೆ. ಹೂ ಬಿಟ್ಟ ದವನದ ಹಸಿರು ಮಾಸಿರುತ್ತದೆ, ಎಸಳು ಉದುರುತ್ತದೆ, ಮಂಡಿಯಲ್ಲಿ ಯಾರೂ ಕೊಳ್ಳರು. ಅದಕ್ಕಿರುವ ದಾರಿ ಬಟ್ಟಿ ಒಂದೇ. ಪ್ರಪಂಚಕ್ಕೆ ಬೇಕಾದ ದವನದ ಎಣ್ಣೆ ಹೆಚ್ಚುಕಡಿಮೆ ಎಲ್ಲವೂ ನಮ್ಮ ದಕ್ಷಿಣದಿಂದಲೇ ಹೋಗುವುದು. ಹೊರದೇಶದಲ್ಲಿ ಅದನ್ನು ಕೇಕಿಗೆ, ಪಾನೀಯಕ್ಕೆ, ಹೊಗೆಸೊಪ್ಪಿಗೆ, ಅತ್ತರಿಗೆ ಬೆರೆಸುತ್ತಾರೆ. ಹಚ್ಚಿಕೊಂಡ ಒಬ್ಬೊಬ್ಬರ ಮೈಮೇಲೂ ಅದರ ವಾಸನೆ ಒಂದೊಂದು ಬಗೆ ಎಂಬ ಪ್ರತೀತಿಯೂ ಇದೆ. ಆದರೆ ಹಂಡೆ ತುಂಬುವಷ್ಟು ಸೊಪ್ಪಿಲ್ಲದೆ ಬೆಂಕಿ ಹಾಕಲು ಬಟ್ಟಿಯವರು ಒಪ್ಪುವುದಿಲ್ಲ. ಒಬ್ಬನ ಮುಕ್ಕಾಲು ಎಕರೆಯಲ್ಲಿ ಕಾಲು ಭಾಗ ಬಿಟ್ಟರೆ ಅದು ಎಲ್ಲಿಗೂ ಸಾಲದು. ಎಲ್ಲವನ್ನೂ ಬಿಟ್ಟರೆ ನಾಲ್ಕು ತಿಂಗಳು ಕೈಯಲ್ಲಿ ಕಾಸಿಲ್ಲ, ನಡುವೆ ಒಂದು ಅಕಾಲದ ಮಳೆ ಬಂದರೆ ಕಂತಿಗೂ ಗತಿಯಿಲ್ಲ.

ಅದಕ್ಕೆ ಅವನು ಪಕ್ಕದ ಹೊಲದವರನ್ನು ಕೇಳಿದ್ದಾನೆ. ಮುಂದಿನ ಬೆಳೆಯಲ್ಲಿ ಎಲ್ಲರೂ ಕಾಲು ಕಾಲು ಭಾಗವನ್ನು ಹೂವಿಗೆ ಬಿಟ್ಟು, ಒಟ್ಟಿಗೆ ಹಂಡೆಗೆ ಹಾಕಿಸಿ, ಎಣ್ಣೆಯ ತೂಕದ ಮೇಲೆ ಹಣ ಹಂಚಿಕೊಳ್ಳುವುದೆಂದು ಮಾತು. ಯೂರಿಯಾ ಎರಡು ಚೀಲಕ್ಕೆ ಇಳಿಸುತ್ತೇನೆಂದು ಅವನೇ ಹೇಳಿದ. ಉಳಿದ ಹಣ ಹಿಂಡಿಗೆ. ಇಬ್ಬರು ಒಪ್ಪಿದ್ದಾರೆ. ಮೂರನೆಯವನು, ದವನದ ಬೀಜ ಒಂದು ವರ್ಷ ಕಳೆದರೆ ಹುಟ್ಟುವುದಿಲ್ಲವಾದ್ದರಿಂದ ಹೇಗೂ ಅಕ್ಟೋಬರಿನಲ್ಲಿ ಹೊಸ ಬೀಜ ಕೇಳಲು ಬರುತ್ತೇನಲ್ಲ, ಆಗ ಹೇಳುತ್ತೇನೆ ಎಂದಿದ್ದಾನಂತೆ.